ಅಪ್ಪಯ್ಯನ 1984ರ ಪದ್ಮಿನಿ ಕಾರು ಮಾರಬೇಕು. ರಿಪೇರಿ ಮಾಡಿಸಿ ಮಾರುವುದಾ, ಇದ್ದ ಹಾಗೇ ಕೊಡುವುದಾ?

ತೀರ್ಥಹಳ್ಳಿ ತೋಟದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪಯ್ಯನ 1984ರ ಪ್ರೀಮಿಯರ್ ಪದ್ಮಿನಿ ಇದೆ. ಪೆಟ್ರೋಲ್ ಗಾಡಿ, ಸ್ಟೇರಿಂಗ್ ಗೇರ್ (ಗೇರ್ ಕೋಲು ಸ್ಟೇರಿಂಗ್ ಪಕ್ಕದಲ್ಲೇ), ತಿಳಿ ನೀಲಿ ಬಣ್ಣ. ಹೊಸದಾಗಿ ತಂದವರೂ ಅವರೇ, ಕೊನೆವರೆಗೂ ಓಡಿಸಿದವರೂ ಅವರೇ. ಮಾರುತಿ 800 ಆಗಷ್ಟೇ ಬಂದಿತ್ತು. ಆದರೂ ಫಿಯೆಟ್ಟೇ (ಪದ್ಮಿನಿಗೆ ಜನ ಹೇಳುತ್ತಿದ್ದ ಹೆಸರು) ಬೇಕು ಅಂತ ಬುಕ್ ಮಾಡಿ ಕಾದಿದ್ದರಂತೆ. ಆಗುಂಬೆ ಘಾಟಿ ಇಳಿದು ಉಡುಪಿಗೆ, ಮದುವೆಗೆ, ಆಸ್ಪತ್ರೆಗೆ, ಅಡಿಕೆ ಮಂಡಿಗೆ, ಎಲ್ಲದಕ್ಕೂ ಅದೇ ಗಾಡಿ.

ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿಲ್ಲ. ಅಂಗಳದ ಪಕ್ಕದ ತಗಡಿನ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನ ಅಪಾರ್ಟ್‌ಮೆಂಟಿನಲ್ಲಿ ಜಾಗ ಇಲ್ಲ. ನನಗೆ ಕಾರು ಓಡಿಸಲು ಬರುತ್ತದೆ, ಆದರೆ ಈ ಗಾಡಿ ನೋಡಿಕೊಳ್ಳುವಷ್ಟು ತಿಳುವಳಿಕೆ ಇಲ್ಲ. ಸುಮ್ನೆ ನಿಂತು ಹಾಳಾಗುವುದನ್ನು ನೋಡಲಿಕ್ಕೆ ಆಗುವುದಿಲ್ಲ. ಯಾರಾದರೂ ಪ್ರೀತಿಯಿಂದ ಇಟ್ಟುಕೊಳ್ಳುವವರಿಗೆ ಕೊಡಬೇಕು ಅಂತ ಅಮ್ಮನೂ ಹೇಳಿದ್ದಾರೆ.

ಸ್ಥಿತಿ ಹೀಗಿದೆ. ಸ್ಟಾರ್ಟ್ ಮಾಡಿ ನೋಡಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿಯೇ ನಿಲ್ಲಿಸಿದ್ದರು, ಈಗ ಗಾಡಿ ತಳ್ಳಿದರೆ ಹಿಂದಿನ ಚಕ್ರ ತಿರುಗುವುದಿಲ್ಲ. ಬಾನೆಟ್ ಒಳಗೆ ಇಲಿ ವೈರ್ ಕಡಿದಿದೆ. ಡ್ರೈವರ್ ಕಡೆ ಮ್ಯಾಟ್ ಕೆಳಗೆ ತುಕ್ಕು. ಸೀಟಿನ ರೆಕ್ಸಿನ್ ಹರಿದಿದೆ. ಬಂಪರ್, ಗ್ರಿಲ್, ನಾಲ್ಕೂ ವೀಲ್ ಕಪ್ ಇವೆ. ಆರ್‌ಸಿ (ಗಾಡಿಯ ನೋಂದಣಿ ಪತ್ರ) 2024ಕ್ಕೆ ಮುಗಿದಿದೆ, ಇನ್ನೂ ಅಪ್ಪಯ್ಯನ ಹೆಸರಿನಲ್ಲೇ ಇದೆ. ಗುಜರಿಯವರೊಬ್ಬರು ಬಂದು ಕೆಜಿಗೆ 25 ರೂಪಾಯಿ ಲೆಕ್ಕದಲ್ಲಿ ಒಯ್ಯುತ್ತೇನೆ ಅಂದರು. ಮನಸ್ಸಾಗಲಿಲ್ಲ.

ಮೊದಲು ಪೇಂಟು, ಸೀಟು ಮಾಡಿಸಿ ಆಮೇಲೆ ಮಾರಲಾ?

ಭದ್ರಾವತಿ ಹುಡುಗ

ಅಕ್ಕ, ಪೇಂಟ್ ಮಾಡಿಸಿಬಿಡಿ. ಜನ ನೋಡುವುದೇ ಹೊಳಪು. ಸೀಟು ಹೊಲಿಸಿ, ಹೊಸ ಟೈರ್ ಹಾಕಿ, ಫೋಟೋ ಹಾಕಿದರೆ ಡಬಲ್ ರೇಟ್ ಬರುತ್ತದೆ. ಈಗ ಮದುವೆ ಫೋಟೋಶೂಟಿಗೆ ಹಳೇ ಕಾರು ಅಂದರೆ ಮುಗಿಬೀಳುತ್ತಾರೆ.

ಮಿಸ್ತ್ರಿ ಮಗ, ಶಿವಮೊಗ್ಗ

ಮೇಡಂ, ದಯವಿಟ್ಟು ಪೇಂಟ್ ಮಾಡಿಸಬೇಡಿ. ಭದ್ರಾವತಿ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಈ ಗಾಡಿಗೆ ಅದು ಸರಿಯಾದ ದಾರಿ ಅಲ್ಲ. ನಮ್ಮದು ತಂದೆ ಕಾಲದಿಂದ ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಚಾವಣಿ ಎಲ್ಲಾ ಸೇರಿ ಬೆಸೆದ ಒಂದೇ ಬಾಡಿ. ಗಾಡಿಯ ಭಾರ ಹೊರುವುದೇ ಅದು. ಜೀಪಿನ ತಗಡು ಹೋದರೆ ತಗಡು ಮಾತ್ರ ಹೋಯಿತು. ಪದ್ಮಿನಿಯ ನೆಲ ಹೋದರೆ ಎಲುಬೇ ಹೋದ ಹಾಗೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಹಳೇ ಗಾಡಿ ಹುಡುಕುವವರು ಹೊಸ ಬಣ್ಣ ಕಂಡರೆ ಖುಷಿಪಡುವುದಿಲ್ಲ, ಅನುಮಾನಪಡುತ್ತಾರೆ. ಬಟ್ಟೆ ಸುತ್ತಿದ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ತಗಡಿದ್ದ ಕಡೆ ಅದು ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪ ಇದ್ದ ಕಡೆ ಜಾರುತ್ತದೆ. ಅಷ್ಟು ಸಾಕು, ಅಲ್ಲಿಂದ ಆಚೆ ನೀವು ಹೇಳುವ ಬೇರೆ ಮಾತನ್ನೂ ಅವರು ನಂಬುವುದಿಲ್ಲ. 1984ರ ಕಂಪನಿ ಬಣ್ಣ, ಅದು ಮಾಸಿದ್ದರೂ, ಹಾಗೇ ಇರಲಿ. ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. ಅದು ಇನ್ನೊಂದು ತಲೆನೋವು.

ಈಗ ಒಂದು ಕೆಲಸ ಮಾಡಿ. ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಮ್ಯಾಟ್ ಎತ್ತಿ ನೆಲವನ್ನು ಮೆಲ್ಲಗೆ ಚುಚ್ಚಿ ನೋಡಿ. ಟಣ್ ಅಂದರೆ ತಗಡು ಗಟ್ಟಿ ಇದೆ. ಚರ್ ಅಂತ ಒಳಗೆ ಹೋದರೆ ತೂತು. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಹಿಂದಿನ ಪ್ಲೇಟು (ಪಟ್ಟಿ ಸ್ಪ್ರಿಂಗು) ಬಾಡಿಗೆ ಸೇರುವ ಜಾಗ, ಬಾಗಿಲಿನ ತಳ, ಮುಂದಿನ ಗಾಜಿನ ರಬ್ಬರ್ ಅಂಚು, ಇಷ್ಟೂ ಕಡೆ ನೋಡಿ. ಹಿಂದಿನ ಪ್ಲೇಟಿನ ಜಾಗ ಗಟ್ಟಿ ಇದ್ದರೆ ನಿಮ್ಮ ಗಾಡಿಗೆ ಒಳ್ಳೆ ಆಯಸ್ಸಿದೆ.

ಮತ್ತೆ, ಆ ಟಾರ್ಪಾಲ್ ಇವತ್ತೇ ತೆಗೆಯಿರಿ. ಅದು ಮಳೆ ತಡೆಯುವುದಕ್ಕಿಂತ ಪಸೆ ಹಿಡಿದಿಡುವುದೇ ಜಾಸ್ತಿ.

ಸಾಗರದ ಜೀಪು

ಮಿಸ್ತ್ರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ನನ್ನದೊಂದು ಮಾತು. ಮಾರಲೇಬೇಕಾ ಅಕ್ಕ? ನಮ್ಮ ಮನೆಯ ಹಳೇ ಜೀಪನ್ನು ಮಾರಬೇಕು ಅಂತ ಎಲ್ಲರೂ ಹೇಳಿದ್ದರು. ಇಟ್ಟುಕೊಂಡಿದ್ದೇವೆ. ಈಗಲೂ ತೋಟಕ್ಕೆ ಗೊಬ್ಬರ ಅದರಲ್ಲೇ ಹೋಗುತ್ತದೆ. ಒಂದೇ ಕೈಯಲ್ಲಿ ಓಡಿದ ಪದ್ಮಿನಿ ಮತ್ತೆ ಬೇಕು ಅಂದರೆ ಸಿಗುವುದಿಲ್ಲ.

ತೀರ್ಥಹಳ್ಳಿ ತೋಟದಿಂದ

ಸಾಗರದ ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ಜೀಪು ನಿಮ್ಮಲ್ಲಿ ದುಡಿಯುತ್ತಿದೆ. ಇದು ನಮ್ಮಲ್ಲಿ ನಿಂತಿದೆ. ಇಟ್ಟುಕೊಂಡರೆ ಇನ್ನೆರಡು ಮಳೆಗಾಲಕ್ಕೆ ಯಾರಿಗೂ ಬೇಡದ ಹಾಗೆ ಆಗುತ್ತದೆ. ಮಾರುವುದು ಅಂತ ತೀರ್ಮಾನ ಮಾಡಿಯೇ ಇಲ್ಲಿ ಕೇಳಿದ್ದು.

ಮಿಸ್ತ್ರಿಯವರೇ, ಸ್ಕ್ರೂಡ್ರೈವರ್ ಹಿಡಿದು ನೋಡಿದೆ. ಡ್ರೈವರ್ ಕಾಲಿಡುವ ಜಾಗದಲ್ಲಿ ಅಂಗೈ ಅಗಲ ಒಳಗೆ ಹೋಯಿತು, ಕೆಳಗಿನ ಮಣ್ಣು ಕಾಣುತ್ತದೆ. ಎಡಗಡೆ ನೆಲ ಟಣ್ ಅಂತ ಗಟ್ಟಿ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಬಲಗಡೆ ಹಿಂದೆ ಮೆತ್ತಗಿದೆ. ಹಿಂದಿನ ಪ್ಲೇಟಿನ ಜಾಗ ಎರಡೂ ಕಡೆ ಗಟ್ಟಿ. ಟಾರ್ಪಾಲ್ ತೆಗೆದೆ. ಒಳಮೈ ಪೂರ್ತಿ ಒದ್ದೆಯಾಗಿತ್ತು, ಚಾವಣಿ ಮೇಲೆ ಹನಿ ನಿಂತಿತ್ತು.

ಮಿಸ್ತ್ರಿ ಮಗ, ಶಿವಮೊಗ್ಗ

ಹಾಗಾದರೆ ಗಾಡಿ ಉಳಿಯುತ್ತದೆ. ಅಂಗೈ ಅಗಲದ ನೆಲಕ್ಕೆ ತಗಡು ಕತ್ತರಿಸಿ ವೆಲ್ಡ್ ಮಾಡಬಹುದು. ಆದರೆ ಅದನ್ನೂ ನೀವು ಮಾಡಿಸಬೇಡಿ, ತಗೊಳ್ಳುವವರು ಅವರಿಗೆ ಬೇಕಾದ ಹಾಗೆ ಮಾಡಿಸಿಕೊಳ್ಳಲಿ. ನೀವು ಖರ್ಚು ಮಾಡಬೇಕಾದ್ದು ಎರಡಕ್ಕೆ ಮಾತ್ರ: ಇಂಜಿನ್ ಸ್ಟಾರ್ಟ್ ಆಗುವುದಕ್ಕೆ ಮತ್ತು ಬ್ರೇಕಿಗೆ.

ಸ್ಟಾರ್ಟ್ ಆಗುವ ಗಾಡಿಗೂ ಆಗದ ಗಾಡಿಗೂ ಬೆಲೆಯಲ್ಲಿ ದೊಡ್ಡ ಅಂತರ. ಆಗದ ಗಾಡಿ ಅಂದರೆ ಕೊಳ್ಳುವವರು ಇಂಜಿನ್ ಹಿಡಿದುಕೊಂಡಿದೆ ಅಂತಲೇ ಲೆಕ್ಕ ಹಾಕುತ್ತಾರೆ. ಆದರೆ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಲು ಹೋಗಬೇಡಿ. ಇಲಿ ಕಡಿದ ವೈರ್ ಇದೆ, ಬೆಂಕಿ ಹತ್ತಬಹುದು. ಇಷ್ಟು ದಿನ ನಿಂತ ಇಂಜಿನ್ ಒಳಗೆ ಎಣ್ಣೆ ಪೂರ್ತಿ ಇಳಿದಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಮುಂದಿನ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಅರ್ಧ ಕೆಲಸ ಆಯಿತು. ಆಯಿಲ್ ಬದಲಾಯಿಸಿ, ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಸದ್ಯಕ್ಕೆ ಕ್ಯಾನಿನಿಂದ ಪಂಪಿಗೆ ಪೈಪ್ ಕೊಟ್ಟು ಸ್ಟಾರ್ಟ್ ಮಾಡಬಹುದು. 1089 ಸಿಸಿಯ ಸಾದಾ ಇಂಜಿನ್ನು. ಸರಿಯಾಗಿ ಕೈ ಹಾಕಿದರೆ ಮಾತು ಕೇಳುತ್ತದೆ.

ನಾಲ್ಕೂ ಡ್ರಮ್ ಬ್ರೇಕು. ಹಿಂದಿನ ಲೈನರ್ ಡ್ರಮ್ಮಿಗೆ ಅಂಟಿದೆ ಅಷ್ಟೇ. ಬಿಚ್ಚಿ, ವೀಲ್ ಸಿಲಿಂಡರ್ ಮತ್ತು ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್ ಹಾಕಿಸಿ. ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಿನಲ್ಲಿ ಹಳೇ ಫಿಯೆಟ್ ಕೆಲಸ ಗೊತ್ತಿರುವ ಕೈಗಳು ಇನ್ನೂ ಇವೆ. ಆದರೆ ಮೊದಲ ಸಲ ಸ್ಟಾರ್ಟ್ ಮಾಡುವುದು ನಿಮ್ಮ ಶೆಡ್ಡಿನಲ್ಲೇ ಆಗಲಿ. ಮಿಸ್ತ್ರಿಯನ್ನು ಅಲ್ಲಿಗೇ ಕರೆಸಿ.

ಹೊಸನಗರ ಕಡೆಯವರು

ಇಂಜಿನ್ನಿಗೂ ಮೊದಲು ಕಾಗದ. ಇದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ, ವ್ಯಾಪಾರ ಮುರಿಯುವುದೂ ಅಲ್ಲೇ. ನಮ್ಮ ದೊಡ್ಡಪ್ಪನ ಅಂಬಾಸಿಡರ್ ಮಾರುವಾಗ ನಾನೇ ಓಡಾಡಿದ್ದರಿಂದ ಹೇಳುತ್ತೇನೆ.

ಮಾಲೀಕರು ತೀರಿಕೊಂಡಿದ್ದರೆ ಗಾಡಿಯನ್ನು ನೇರವಾಗಿ ಹೊರಗಿನವರಿಗೆ ಬರೆದುಕೊಡಲು ಬರುವುದಿಲ್ಲ. ಮೊದಲು ವಾರಸುದಾರರೊಬ್ಬರ ಹೆಸರಿಗೆ ಆಗಬೇಕು. ಅದಕ್ಕೆ ಫಾರಂ 31. ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಬೇಕು. ನಿಮ್ಮ ತಮ್ಮ ಮತ್ತು ಅಮ್ಮ ಸಹಿ ಹಾಕಬೇಕಾಗುತ್ತದೆ. ನಿಯಮದ ಪ್ರಕಾರ ತೀರಿಕೊಂಡ ಮೂರು ತಿಂಗಳೊಳಗೆ ಈ ಅರ್ಜಿ ಕೊಡಬೇಕಿತ್ತು. ತಡವಾಗಿದ್ದರೂ ಮಾಡಿಸಲೇಬೇಕು.

ಇದರ ಜೊತೆ ಆರ್‌ಸಿ ನವೀಕರಣ, ಫಾರಂ 25. ಖಾಸಗಿ ಕಾರಿಗೆ ಮೊದಲ 15 ವರ್ಷ, ಆಮೇಲೆ ಐದೈದು ವರ್ಷ ಸಿಗುತ್ತದೆ. 2022ರ ಏಪ್ರಿಲಿನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನಿಮ್ಮದು ಅದರಲ್ಲೇ ಬರುತ್ತದೆ. ಅವಧಿ ಮುಗಿದು ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಸೇರುತ್ತದೆ, ಅಂದರೆ ವರ್ಷಕ್ಕೆ 6,000. ಇದರ ಮೇಲೆ ಹಸಿರು ತೆರಿಗೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇರಬೇಕು. ಆರ್‌ಟಿಓದಲ್ಲಿ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ.

ನಿಮ್ಮದು 1984ರ ಗಾಡಿ. ಕೆಎ ನಂಬರ್ ಶುರುವಾಗಿದ್ದು 1989ರಲ್ಲಿ. ಹಾಗಾಗಿ ನಿಮ್ಮದು ಹಳೇ ನಂಬರ್ರೇ ಇರಬೇಕು. ಕೈಬರಹದ ಆರ್‌ಸಿ ಪುಸ್ತಕ ಆಗಿದ್ದರೆ ದಾಖಲೆ ಕಂಪ್ಯೂಟರಿಗೆ ಏರಿದೆಯಾ ಅಂತ ನೋಡಿ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಗೊತ್ತಾಗುತ್ತದೆ. ಏರಿಲ್ಲದಿದ್ದರೆ ಮೊದಲು ಅದನ್ನು ಸೇರಿಸಬೇಕು, ಉಳಿದದ್ದೆಲ್ಲ ಅದಾದ ಮೇಲೆ.

ಚಾಸಿಸ್ ನಂಬರಿನ (ಬಾಡಿಯ ತಗಡಿನ ಮೇಲೆ ಒತ್ತಿದ ಗುರುತಿನ ನಂಬರ್) ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಇದಕ್ಕೆ ಈಗಲೇ ತಯಾರಾಗಿ. ನಂಬರ್ ಮೇಲೆ ಗ್ರೀಸು, ಧೂಳು, ತುಕ್ಕು ಗಟ್ಟಿಯಾಗಿ ಕೂತಿರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಗ್ರೈಂಡರ್ ಮಾತ್ರ ಹಚ್ಚಿಸಬೇಡಿ, ಅಂಕಿ ಸವೆದರೆ ಗಾಡಿಯ ಕಥೆ ಮುಗಿಯಿತು. ಆಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತೀಡಿ. ಅಂಕಿಗಳು ಬೆಳ್ಳಗೆ ಎದ್ದು ಬರುತ್ತವೆ. ಅದು ಆರ್‌ಸಿ ಪುಸ್ತಕದ ನಂಬರಿಗೆ ಒಂದಕ್ಷರ ಬಿಡದೆ ಹೊಂದಬೇಕು. ಇಂಜಿನ್ ನಂಬರ್ ಕೂಡ ಹೊಂದಿದರೆ ನಿಮ್ಮ ಕೈಯಲ್ಲಿರುವುದು ನಿಜಕ್ಕೂ ಅಪರೂಪದ ಗಾಡಿ.

ಕೊಪ್ಪದ ಕಾಫಿ

ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಬೆಲೆ ಜಾಸ್ತಿ ಬರುವುದಿಲ್ವಾ?

ಹೊಸನಗರ ಕಡೆಯವರು

ಬರುವುದಿಲ್ಲ, ಅದಕ್ಕೆ 50 ವರ್ಷ ದಾಟಿರಬೇಕು. 2021ರಲ್ಲಿ ಬಂದ ನಿಯಮ. ಮೊದಲ ರಿಜಿಸ್ಟ್ರೇಷನ್‌ನಿಂದ ಲೆಕ್ಕ, ಇವರ ಗಾಡಿಗೆ 2034 ಆಗುತ್ತದೆ. ಅದಕ್ಕೆ 'ವಿಎ' ಅಕ್ಷರ ಇರುವ ಬೇರೆ ನಂಬರ್ ಪ್ಲೇಟು, ಶುಲ್ಕ 20,000, ಅವಧಿ 10 ವರ್ಷ. ಚಾಸಿಸ್, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ಆದರೆ ಆ ಪ್ಲೇಟಿನ ಗಾಡಿಯನ್ನು ದಿನಾ ಓಡಿಸಲು ಬಿಡುವುದಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಅಷ್ಟಕ್ಕೇ. ಜಾಹೀರಾತಿನಲ್ಲಿ 'ವಿಂಟೇಜ್' ಅಂತ ಹಾಕಬೇಡಿ ಮೇಡಂ. ಗೊತ್ತಿರುವವರು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ.

ಬೆಂಗಳೂರಲ್ಲಿರೋ ಮಲ್ನಾಡಿಗ

ಕೊಳ್ಳುವವರ ಕಡೆಯಿಂದ ನಾನು ಹೇಳುತ್ತೇನೆ. ನನ್ನ ಹತ್ತಿರ ಒಂದು ಪದ್ಮಿನಿ ಇದೆ, ಇದೇ ಸ್ಥಿತಿಯಲ್ಲಿ ತಂದು ಸರಿ ಮಾಡಿಸಿದ್ದು.

ನಾವು ಮೊದಲು ನೋಡುವುದು ಏನು ಇಲ್ಲ ಅನ್ನುವುದನ್ನು. ಇಂಜಿನ್ ಭಾಗ ಹೇಗಾದರೂ ಸಿಗುತ್ತದೆ, ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಬಹುದು. ಸಿಗದೇ ಇರುವುದು ಚಿಕ್ಕ ಚಿಕ್ಕ ಸಾಮಾನು: ಕಂಪನಿ ಗ್ರಿಲ್, ಅಕ್ಷರದ ಬ್ಯಾಡ್ಜು, ವೀಲ್ ಕಪ್, ಮುಂಬಾಗಿಲಿನ ತ್ರಿಕೋನ ಗಾಜು ಮತ್ತು ಅದರ ಚಿಲಕ, ಮೀಟರ್ ಡಬ್ಬಿ, ಮೂಲ ಸ್ಟೇರಿಂಗ್. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡುವವರೆಗೂ ಸಾಮಾನಿಗೆ ಅಷ್ಟೊಂದು ಬರ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಟ್ಯಾಕ್ಸಿಯೂ ನಿಂತಿತು. ಕಂಪನಿ ಗಾಡಿ ಮಾಡುವುದನ್ನು ಬಿಟ್ಟು 20 ವರ್ಷದ ಮೇಲಾಯಿತು. ಹಾಗಾಗಿ ಅಕ್ಕ, ಶೆಡ್ಡು, ಅಟ್ಟ, ಅಪ್ಪಯ್ಯನವರ ಪೆಟ್ಟಿಗೆ ಎಲ್ಲಾ ಹುಡುಕಿ. ಹಳೇ ಬಿಲ್ಲು, ಜಾಕ್, ಇನ್ನೊಂದು ಕೀ, ಬಿಚ್ಚಿಟ್ಟ ಸಾಮಾನು, ತುಕ್ಕು ಹಿಡಿದಿದ್ದರೂ ಎಸೆಯಬೇಡಿ. ಗುಜರಿ ಅಂತ ಕಂಡದ್ದೇ ನಮಗೆ ಬೇಕಾದ್ದು.

ಪೆಟ್ರೋಲ್ ಬಗ್ಗೆಯೂ ಹೇಳಬೇಕು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ್ದು. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ, ಹಳೇ ಕಾಲದ ರಬ್ಬರ್ ಪೈಪನ್ನೂ ಪಂಪಿನ ಒಳಗಿನ ಡಯಾಫ್ರಾಮನ್ನೂ (ರಬ್ಬರ್ ಪೊರೆ) ಮೆತ್ತಗೆ ಮಾಡುತ್ತದೆ. ನಿಂತ ಗಾಡಿಯ ಟ್ಯಾಂಕಿನ ಒಳಗೆ ತುಕ್ಕು ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಪೈಪ್‌ಗಳನ್ನು ಬದಲಾಯಿಸದೆ ಗಾಡಿಯನ್ನು ಓಡಿಸಿ ತೋರಿಸಲು ಹೋಗಬೇಡಿ.

ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ತೊಳೆದು ಒಣಗಿದ ಮೇಲೆ. ಒದ್ದೆ ಗಾಡಿ ಹೊಳೆಯುತ್ತದೆ, ಆದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ನೆಲದ ತೂತಿನ ಫೋಟೋವನ್ನು ಮೊದಲ ಮೂರರಲ್ಲೇ ಹಾಕಿ. ನಾನು 300 ಕಿಲೋಮೀಟರ್ ದೂರದಿಂದ ಬರುವವನು. ತೂತು ಇದೆ ಅಂತ ಗೊತ್ತಿದ್ದೇ ಬಂದರೆ ಅದರ ಬಗ್ಗೆ ಚೌಕಾಸಿ ಮಾಡುವುದಿಲ್ಲ. ಬಂದ ಮೇಲೆ ಕಂಡರೆ ಮಾಡುತ್ತೇನೆ, ಅಥವಾ ವಾಪಸ್ ಹೋಗುತ್ತೇನೆ.

ಭದ್ರಾವತಿ ಹುಡುಗ

ಒಪ್ಪಿದೆ ಅಣ್ಣ, ಪೇಂಟ್ ಬೇಡ. ಆದರೆ ಬೆಲೆ ಎಷ್ಟು ಹೇಳಬೇಕು ಅಂತ ಯಾರೂ ಹೇಳಲಿಲ್ಲವಲ್ಲ?

ಮಿಸ್ತ್ರಿ ಮಗ, ಶಿವಮೊಗ್ಗ

ನೋಡದೆ ಸಂಖ್ಯೆ ಹೇಳುವುದು ಸರಿಯಲ್ಲ. ಆದರೆ ಲೆಕ್ಕ ಹಾಕುವ ದಾರಿ ಹೇಳುತ್ತೇನೆ.

ಕೆಳಗಿನ ಮಿತಿ ಗುಜರಿ ಬೆಲೆ. ಗಾಡಿ ಸುಮಾರು 900 ಕೆಜಿ. ಆತ ಹೇಳಿದ 25ರ ಲೆಕ್ಕದಲ್ಲಿ 22,500. ಗಾಜು, ರಬ್ಬರ್, ಸೀಟು ಕಳೆದರೆ ಇನ್ನೂ ಕಡಿಮೆ ಕೊಡುತ್ತಾರೆ. ಮೇಲಿನ ಮಿತಿ, ಪೂರ್ತಿ ಸರಿ ಇರುವ, ಕಾಗದ ಚಾಲ್ತಿ ಇರುವ ಪದ್ಮಿನಿ ನಿಜವಾಗಿ ಮಾರಾಟವಾದ ಬೆಲೆ. ಆನ್‌ಲೈನಿನಲ್ಲಿ ಕೇಳುವ ಬೆಲೆ ನೋಡಬೇಡಿ, ಅದು ಆಸೆಯ ಬೆಲೆ. ತಿಂಗಳುಗಟ್ಟಲೆ ಅಲ್ಲೇ ಕೂತಿರುವ ಜಾಹೀರಾತು ಅಂದರೆ ಆ ಬೆಲೆಗೆ ಹೋಗಿಲ್ಲ ಅಂತ ಅರ್ಥ. ಹಳೇ ಗಾಡಿ ಇಟ್ಟುಕೊಂಡವರನ್ನು ಕೇಳಿ, ಕೊಟ್ಟದ್ದೆಷ್ಟು ಅಂತ. ಆ ಮೇಲಿನ ಬೆಲೆಯಿಂದ ಬಾಡಿ ಕೆಲಸ, ವೈರಿಂಗ್, ಟೈರ್, ಸೀಟು, ಟೋಯಿಂಗ್ ಖರ್ಚು ಕಳೆಯಿರಿ. ಕೊಳ್ಳುವವರ ಶ್ರಮಕ್ಕೂ ಸ್ವಲ್ಪ ಕಳೆಯಿರಿ. ಉಳಿದದ್ದು ನಿಮ್ಮ ಬೆಲೆ. ಮಿಸ್ತ್ರಿಯಿಂದ ಅಂದಾಜು ಬರೆಸಿ ಕೊಳ್ಳುವವರಿಗೇ ತೋರಿಸಿ. ಮುಚ್ಚುಮರೆ ಇಲ್ಲ ಅಂದರೆ ಮಾತು ಬೇಗ ಮುಗಿಯುತ್ತದೆ.

ಸಮಯವೂ ಮುಖ್ಯ. ಮಳೆಗಾಲದಲ್ಲಿ ಮಾರಲು ಹೋಗಬೇಡಿ. ಯಾರೂ ಬರುವುದಿಲ್ಲ, ಬಂದವರಿಗೂ ಒದ್ದೆ ಶೆಡ್ಡೇ ಕಾಣುತ್ತದೆ. ಅಡಿಕೆ ಕೊಯ್ಲು ಮುಗಿದು ಮಂಡಿಗೆ ಹೋದ ಮೇಲೆ ನಮ್ಮ ಕಡೆಯವರ ಕೈಯಲ್ಲೂ ದುಡ್ಡು ಓಡಾಡುತ್ತದೆ, ರಸ್ತೆಯೂ ಒಣಗಿರುತ್ತದೆ.

ಹೊಸನಗರ ಕಡೆಯವರು

ಒಂದು ಮರೆತಿತ್ತು, ಇದು ದುಡ್ಡಿಗಿಂತ ದೊಡ್ಡದು. ದುಡ್ಡು ಬಂತು ಅಂತ ಗಾಡಿ ಕೊಟ್ಟು, ಹೆಸರು ಆಮೇಲೆ ಬದಲಾಯಿಸಿಕೊಳ್ಳಲಿ ಅಂತ ಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅವರು ಎಲ್ಲೋ ಗುದ್ದಿದರೆ ಪರಿಹಾರದ ಕೇಸು ನಿಮ್ಮ ಮನೆಗೆ ಬರುತ್ತದೆ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕುವ ದಿನ ಇಬ್ಬರೂ ಜೊತೆಗೇ ಅರ್ಜಿ ಸಲ್ಲಿಸಿ. ರಾಜ್ಯದ ಒಳಗಾದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಖಾಲಿ ಫಾರಂಗೆ ಸಹಿ ಮಾಡಿ ಕೊಡಲೇಬೇಡಿ. ಬೇರೆ ರಾಜ್ಯದವರು ತಗೊಂಡರೆ ಮೊದಲು ಎನ್‌ಓಸಿ (ನಿರಾಕ್ಷೇಪಣಾ ಪತ್ರ), ಅದಕ್ಕೆ ಫಾರಂ 28.

ತೀರ್ಥಹಳ್ಳಿ ತೋಟದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ವಲ್ಪ ಕೆಲಸ ಆಗಿದೆ. ವಂಶವೃಕ್ಷ ಸಿಕ್ಕಿತು, ಗಾಡಿ ನನ್ನ ಹೆಸರಿಗೆ ಮಾಡಿಸಲು ಅಮ್ಮ, ತಮ್ಮ ಇಬ್ಬರೂ ಒಪ್ಪಿ ಸಹಿ ಹಾಕಿದ್ದಾರೆ. ಮಿಸ್ತ್ರಿಯವರು ಹೇಳಿದ ಹಾಗೇ ಪ್ಲಗ್ ಬಿಚ್ಚಿ ಆಯಿಲ್ ಬಿಡಿಸಿದೆವು. ಮರುದಿನ ಪುಲ್ಲಿ ಮೊದಲು ಗಟ್ಟಿ ಇತ್ತು, ಆಮೇಲೆ ಸಲೀಸಾಗಿ ತಿರುಗಿತು. ಇಂಜಿನ್ ಹಿಡಿದಿಲ್ಲ! ವೈರಿಂಗ್ ಸರಿ ಮಾಡಿಸಿ ಸ್ಟಾರ್ಟ್ ಮಾಡುವುದು ಇನ್ನು ಮುಂದೆ. ಅಪ್ಪಯ್ಯನ ಪೆಟ್ಟಿಗೆಯಲ್ಲಿ ಇನ್ನೊಂದು ಕೀ ಮತ್ತು ತ್ರಿಕೋನ ಗಾಜಿನ ಹೊಸ ಚಿಲಕವೊಂದು ಕಾಗದದಲ್ಲಿ ಸುತ್ತಿಟ್ಟದ್ದು ಸಿಕ್ಕಿತು.

ಜಾಹೀರಾತು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"1984ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, ಸ್ಟೇರಿಂಗ್ ಗೇರ್. ಒಂದೇ ಮನೆಯ ಗಾಡಿ, ಕಂಪನಿ ಬಣ್ಣ. ಡ್ರೈವರ್ ಕಡೆ ನೆಲದಲ್ಲಿ ಅಂಗೈ ಅಗಲ ತೂತು, ಬಲಗಡೆ ಕೆಳಪಟ್ಟಿಯಲ್ಲಿ ತುಕ್ಕು, ಫೋಟೋ ಹಾಕಿದೆ. ಹಿಂದಿನ ಪ್ಲೇಟಿನ ಜಾಗ ಗಟ್ಟಿ. ಸೀಟು ಹರಿದಿದೆ. ಇಂಜಿನ್ ತಿರುಗುತ್ತದೆ. ಗ್ರಿಲ್, ಬಂಪರ್, ವೀಲ್ ಕಪ್, ಎಲ್ಲಾ ಗಾಜು ಇವೆ. ಹೆಸರು ಬದಲಾವಣೆ ಮತ್ತು ಆರ್‌ಸಿ ನವೀಕರಣಕ್ಕೆ ಅರ್ಜಿ ಕೊಡುತ್ತಿದ್ದೇವೆ, ಅದು ಮುಗಿದ ಮೇಲೆಯೇ ಮಾರಾಟ. ಬಿಡಿಭಾಗಕ್ಕಾಗಿ ಕೇಳುವವರಿಗೆ ಕೊಡುವುದಿಲ್ಲ. ಗಾಡಿ ತೀರ್ಥಹಳ್ಳಿ ಹತ್ತಿರ ಇದೆ."

ಬೆಂಗಳೂರಲ್ಲಿರೋ ಮಲ್ನಾಡಿಗ

ಚೆನ್ನಾಗಿದೆ ಅಕ್ಕ. ಎರಡು ಬದಲಾವಣೆ ಮಾಡಿ. ಇಂಜಿನ್, ಚಾಸಿಸ್ ನಂಬರ್ ಆರ್‌ಸಿಗೆ ಹೊಂದುತ್ತದೆ ಅಂತ ಪ್ರಿಂಟ್ ತೆಗೆದು ನೋಡಿದ ಮೇಲೆ ಸೇರಿಸಿ. ಆದರೆ ಪೂರ್ತಿ ನಂಬರ್ ಫೋಟೋದಲ್ಲಿ ಹಾಕಬೇಡಿ, ಬಂದವರಿಗೆ ಮಾತ್ರ ತೋರಿಸಿ. ಇನ್ನೊಂದು, ಆ ಚಿಲಕದ ವಿಷಯ ಬರೆಯಿರಿ. ನನ್ನ ಗಾಡಿಗೆ ಅದು ಇನ್ನೂ ಸಿಕ್ಕಿಲ್ಲ.

ಮಿಸ್ತ್ರಿ ಮಗ, ಶಿವಮೊಗ್ಗ

'ಇಂಜಿನ್ ತಿರುಗುತ್ತದೆ' ಅನ್ನುವಲ್ಲಿ 'ಕೈಯಲ್ಲಿ ತಿರುಗುತ್ತದೆ, ಇನ್ನೂ ಸ್ಟಾರ್ಟ್ ಮಾಡಿಲ್ಲ' ಅಂತ ಬರೆಯಿರಿ ಮೇಡಂ. ಸ್ಟಾರ್ಟ್ ಆದ ದಿನ ವೀಡಿಯೊ ತೆಗೆದು ಹಾಕಿ, ತಣ್ಣಗಿದ್ದ ಇಂಜಿನ್ನಿನಿಂದಲೇ ಶುರು ಮಾಡಿ. ಸೈಲೆನ್ಸರ್ ಕಡೆಯೂ ಒಂದು ಸಲ ತೋರಿಸಿ. ಹೊಗೆಯ ಬಣ್ಣ ನೋಡಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ.